ಸೊನ್ನೆ ಬರೆದವಳು

ಅಂಬ್ರಪ್ಪ ಇಪ್ಪತ್ತೇಳು ವರ್ಷ ಕಾಲುವೆಯ ಗೇಜ್ ರೀಡರ್ ಆಗಿದ್ದ. ಕಾಲುವೆಯ ಗೋಡೆಗೆ ಅಂಕಿ ಬರೆದ ಒಂದು ಕಬ್ಬಿಣದ ಪಟ್ಟಿ ಇರುತ್ತದೆ. ನೀರು ಅದರ ಯಾವ ಅಂಕಿಯವರೆಗೆ ನಿಂತಿದೆ ಎಂದು ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ನೋಡಿ ರಿಜಿಸ್ಟರಿನಲ್ಲಿ ಬರೆಯುವುದೇ ಆ ಕೆಲಸ. ಇಪ್ಪತ್ತೇಳು ವರ್ಷದಲ್ಲಿ ಒಂದು ಹೊತ್ತಿನ ಅಂಕಿಯೂ ತಪ್ಪಿರಲಿಲ್ಲ. ಮಗಳ ಕಿವಿ ಚುಚ್ಚಿಸಿದ ದಿನ, ತನ್ನ ಹೆತ್ತವ್ವ ಸತ್ತ ದಿನ, ತನಗೇ ಡೆಂಗಿ ಬಂದು ಶಹಾಪುರದ ದವಾಖಾನೆಯಲ್ಲಿ ಸಲೈನ್ ಹಚ್ಚಿಸಿಕೊಂಡು ಮಲಗಿದ್ದ ಐದು ದಿನ, ಎಲ್ಲ ದಿನಗಳ ಎರಡೂ ಅಂಕಿಗಳು ರಿಜಿಸ್ಟರಿನಲ್ಲಿದ್ದವು. ಈ ಕೊನೆಯ ಸಂಗತಿ ಯಾರಿಗಾದರೂ ಅನುಮಾನ ಹುಟ್ಟಿಸಬೇಕಿತ್ತು. ಕಚೇರಿಯಲ್ಲಿ ಅದು ಅಭಿಮಾನ ಹುಟ್ಟಿಸಿತು.

ಐವತ್ನಾಲ್ಕಕ್ಕೆ ಅಂಬ್ರಪ್ಪ ಎದೆನೋವಿನಿಂದ ತೀರಿಕೊಂಡ. ಸುರಪುರದ ಶಾಖಾ ಕಚೇರಿಯಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಯಾದಗಿರಿಯಿಂದ ಬಂದ ಮೇಲಧಿಕಾರಿಗಳು, ಕೆಲಸದ ಮೇಲೆ ಭಕ್ತಿ ಇಡುವುದನ್ನು ಈ ಮನುಷ್ಯನಿಂದ ಕಲಿಯಬೇಕು ಎಂದು ಹದಿನೈದು ನಿಮಿಷ ಮಾತಾಡಿದರು. ನಡುವೆ ಎರಡು ಸಲ ಅವನ ಹೆಸರನ್ನು ಅಮರಪ್ಪ ಎಂದರು. ಫೋಟೋಕ್ಕೆ ಹಾರ ಬಿತ್ತು. ಇದು ಯಾವ ಇಲಾಖೆ, ಕಾಲುವೆಯ ನಂಬರು ಎಷ್ಟು ಎಂದು ನಾನು ಹೇಳುವುದಿಲ್ಲ. ಹೇಳಿದರೆ ವಿವರಣೆ ಕೇಳಿ ಪತ್ರ ಬರುತ್ತದೆ, ಆ ಪತ್ರ ಬರೆಯಲು ಪಾಪ ಯಾರೋ ಒಬ್ಬರು ಕುರ್ಚಿಯಲ್ಲಿ ಕೂರಬೇಕಾಗುತ್ತದೆ.

ಅನುಕಂಪದ ಆಧಾರದಲ್ಲಿ ಅಪ್ಪನ ನೌಕರಿ ಮಗಳು ಮಲ್ಲೇಶ್ವರಿಗೆ ಬಂತು. ಬರಲು ಒಂದೂವರೆ ವರ್ಷ ಹಿಡಿಯಿತು, ಏಕೆಂದರೆ ಅವಳ ಅರ್ಜಿ ಸಂಗಣ್ಣನವರ ಮೇಜನ್ನು ಹಾಯ್ದು ಹೋಗಬೇಕಿತ್ತು. ಸಂಗಣ್ಣ ಆ ಕಚೇರಿಯ ಹಿರಿಯ ಗುಮಾಸ್ತರು. ದಿನಾ ಶಹಾಪುರದಿಂದ ಬಸ್ಸಿಗೆ ಬರುವವರು, ಹಣೆಯ ಮೇಲೆ ವಿಭೂತಿ, ಬಾಯಲ್ಲಿ ನಯವಾದ ಮಾತು. ಯಾರಿಗೂ ಆಗುವುದಿಲ್ಲ ಎಂದವರಲ್ಲ. ಬಂದ ಕಾಗದದ ಜೊತೆ ಇರಬೇಕಾದ ಇನ್ನೊಂದು ಕಾಗದ ಇಲ್ಲ ಎಂಬುದನ್ನು ಹುಡುಕಿ ತೆಗೆದು, ಚಹಾ ಕುಡಿಸಿ ವಾಪಸು ಕಳಿಸುತ್ತಿದ್ದರು. ಮಲ್ಲೇಶ್ವರಿ ಆ ಒಂದೂವರೆ ವರ್ಷದಲ್ಲಿ ಬಹಳ ಚಹಾ ಕುಡಿದಳು.

ಕಚೇರಿಯ ಮುಖ್ಯಸ್ಥ ಅಂಬರೀಶ, ಜೂನಿಯರ್ ಇಂಜಿನಿಯರ್, ಯಾದಗಿರಿಯ ಹುಡುಗ. ಆರು ವರ್ಷದಿಂದ ಇದಕ್ಕಿಂತ ದೊಡ್ಡ ನೌಕರಿಯೊಂದರ ಪರೀಕ್ಷೆಗೆ ಓದುತ್ತಿದ್ದ. ಮೇಜಿನ ಡ್ರಾ ತುಂಬ ಸಂವಿಧಾನ, ಭೂಗೋಳ, ಸಾಮಾನ್ಯ ಜ್ಞಾನದ ಪುಸ್ತಕಗಳು. ಕಾಲುವೆಯ ನೌಕರಿ ಅವನಿಗೆ ಬಸ್ ಸ್ಟ್ಯಾಂಡಿನ ಬೆಂಚು ಇದ್ದ ಹಾಗೆ, ಬಸ್ಸು ಬರುವವರೆಗೆ ಕೂತಿರುವುದು. ಬೆಂಚಿನ ಕಾಲು ಗಟ್ಟಿ ಇದೆಯೋ ಇಲ್ಲವೋ ನೋಡುವ ಗರಜು ಪ್ರಯಾಣಿಕನಿಗೆ ಇರುವುದಿಲ್ಲ. ದೇಶದ ದೊಡ್ಡ ನದಿಗಳ ಉದ್ದವೆಲ್ಲ ಅವನಿಗೆ ಬಾಯಿಪಾಠ ಇತ್ತು. ತನ್ನ ಕಾಲುವೆಯ ಕೊನೆಯನ್ನು ಅವನು ನೋಡಿರಲಿಲ್ಲ.

ಮೊದಲ ದಿನ ಮಲ್ಲೇಶ್ವರಿ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ, ಗೇಜ್ ರಿಜಿಸ್ಟರನ್ನು ಎದೆಗವಚಿಕೊಂಡು ಕೇಳಿದಳು.

"ಸರ್, ಗೇಜ್ ಪಟ್ಟಿ ಎಲ್ಲದ್ರಿ? ಸಂಜಿಗೆ ನೋಡಿ ಬರೀಬೇಕಲ್ರಿ."

ಸಂಗಣ್ಣ ಅಂಬರೀಶನ ಮುಖ ನೋಡಿದರು. ಅಂಬರೀಶ ಸಂಗಣ್ಣನವರ ಮುಖ ನೋಡಿದ.

"ಕಾಲುವಿ ಮ್ಯಾಲ ಇರ್ತದವ್ವಾ," ಎಂದರು ಸಂಗಣ್ಣ.

"ಎಷ್ಟನೇ ಕಿಲೋಮೀಟರಿಗ್ರಿ?"

"ನಿಮ್ಮಪ್ಪ ಇಂಥ ತೊಂದ್ರಿ ಒಂದು ದಿನ ಕೊಟ್ಟಿಲ್ಲ ನೋಡು." ಸಂಗಣ್ಣನವರ ದನಿಯಲ್ಲಿ ಸಿಟ್ಟಿರಲಿಲ್ಲ, ವ್ಯಥೆ ಇತ್ತು. "ಅಮೋಘಸಿದ್ದಗ ಕೇಳು. ಗೇಟ್ ಎತ್ತೋ ಗ್ಯಾಂಗ್‌ಮನ್ ಅವ. ಅವಗ ಗೊತ್ತಿರ್ತದ."

ದೇವಾಪುರದ ಅವಳ ಮನೆಯಿಂದ ಕಾಲುವೆಯ ಕೊನೆ ಏಳು ಕಿಲೋಮೀಟರು. ಅಪ್ಪನ ಟಿವಿಎಸ್ ಗಾಡಿಯ ಮೇಲೆ ಹೋದಳು. ಅಮೋಘಸಿದ್ದ ದಂಡೆಯ ಮೇಲೆ ಬೀಡಿ ಸೇದುತ್ತ ಕೂತಿದ್ದ, ಐವತ್ತು ದಾಟಿದ ಗಟ್ಟಿ ಆಳು. ಅವನು ಕೈ ಮಾಡಿ ತೋರಿಸಿದ ಕಡೆ, ಸಿಮೆಂಟಿನ ಗೋಡೆಯಲ್ಲಿ ಜಂಗು ಹಿಡಿದ ಎರಡು ಬೋಲ್ಟುಗಳಿದ್ದವು.

"ಪಟ್ಟಿ ಎಲ್ಲದ ಕಾಕಾ?"

"ಹನ್ನೊಂದು ವರ್ಷ ಆತು ಹೋಗಿ. ಒಂದು ದೊಡ್ಡ ಮಳಿ ಬಂದು ಗ್ವಾಡಿ ಕುಸೀತಲ್ಲ, ಆವಾಗ ಹೋತು."

"ಮತ್ತ ನಮ್ಮಪ್ಪ ಏನ್ ನೋಡಿ ಬರೀತಿದ್ದ?"

"ಅದನ್ನ ನನಗ ಕೇಳಬ್ಯಾಡವ್ವಾ. ನನ್ನ ಕೆಲಸ ಗೇಟ್ ಎತ್ತೋದು."

"ಗೇಟ್ ಎಲ್ಲದ?"

"ಅದೂ ಹೋಗ್ಯಾದ," ಎಂದ ಅಮೋಘಸಿದ್ದ. ನಗಲಿಲ್ಲ. "ಕೆಳಗಿನ ಹಲಗಿ ಹೋಗ್ಯಾದ, ಮ್ಯಾಲಿನ ಚಕ್ರ ಅದ. ದಿನಾ ಬಂದು ಹತ್ತು ಸುತ್ತು ತಿರುಗಿಸಿ, ಎಣ್ಣಿ ಬಿಟ್ಟು ಹೋಗ್ತೀನಿ. ಬಿಟ್ಟರ ಜಾಮ್ ಆಗ್ತದ."

ಕಾಲುವೆಯ ತಳದಲ್ಲಿ ಬಳ್ಳಾರಿ ಜಾಲಿ ಎದೆಮಟ್ಟ ಬೆಳೆದಿತ್ತು. ನಡುವೆ ಕುರಿ ಮೇಯುತ್ತಿದ್ದವು. ದಂಡೆಯ ಎರಡೂ ಕಡೆ ತೊಗರಿ. ಭತ್ತದ ಮಾತನ್ನು ಆ ಕಡೆಯವರು ಬಿಟ್ಟು ಬಹಳ ದಿನ ಆಗಿತ್ತು, ನೀರು ಯಾಕೆ ಬರುವುದಿಲ್ಲ ಎಂದು ಕೇಳುವುದನ್ನೂ ಬಿಟ್ಟಿದ್ದರು. ಮಲ್ಲೇಶ್ವರಿ ದಂಡೆಯ ಮೇಲೆ ಕೂತು ರಿಜಿಸ್ಟರು ತೆರೆದಳು. ಅದರ ಪ್ರಕಾರ ಅವಳ ಕಾಲ ಕೆಳಗೆ ಅಂದು ಬೆಳಿಗ್ಗೆ ಒಂದು ಮೀಟರು ಹತ್ತು ಸೆಂಟಿಮೀಟರು ನೀರು ಹರಿದಿತ್ತು. ಹಾಳೆ ಹಿಂದಕ್ಕೆ ತಿರುವಿದಳು. ಅಪ್ಪ ತೀರಿಕೊಂಡ ಮೇಲಿನ ಒಂದೂವರೆ ವರ್ಷದ ಅಂಕಿಗಳೂ ಇದ್ದವು, ಸಂಗಣ್ಣನವರ ಮುದ್ದಾದ ಅಕ್ಷರದಲ್ಲಿ. ಅಪ್ಪನನ್ನು ಮಣ್ಣು ಮಾಡಿದ ದಿನದ ಸಂಜೆ ಆರರ ಅಂಕಿಯೂ ಇತ್ತು.

ಅಮೋಘಸಿದ್ದ ಬೀಡಿ ಆರಿಸಿ, ಕೊನೆಗೆ ಹೇಳಿದ. "ನಿಮ್ಮಪ್ಪ ಕ್ರಾಸಿನ ಹೋಟೆಲದಾಗ ಕೂತು ಬರೀತಿದ್ದ. ಬರೋಬ್ಬರಿ ಆರಕ್ಕ. ಮ್ಯಾಲಿನ ಗೇಜಿನ ಮರಿಲಿಂಗಗ ಫೋನ್ ಹಚ್ಚಿ, ಅವ ಎಷ್ಟು ಬರದಾನ ಕೇಳಿ, ಹತ್ತು ಕಮ್ಮಿ ಮಾಡಿ ಬರೀತಿದ್ದ. ನೀರು ಕೆಳಗ ಬರೂದ್ರಾಗ ಒಂದೀಟು ಸೋರತದಲ್ಲ, ಅದನ್ನೂ ಲೆಕ್ಕ ಹಿಡೀತಿದ್ದ. ಹೊತ್ತು ತಪ್ಪಿಸಿದವನಲ್ಲ."

ಮನೆಗೆ ಬಂದಾಗ ಅವ್ವ ಶೇಖಮ್ಮ ರೊಟ್ಟಿ ಬಡಿಯುತ್ತಿದ್ದಳು. ಗೋಡೆಯ ಮೇಲೆ ಬುದ್ಧನ ಪಟ, ಬಾಬಾಸಾಹೇಬರ ಪಟ, ಅವುಗಳ ಪಕ್ಕ ಇಸ್ತ್ರಿ ಅಂಗಿಯ ಅಂಬ್ರಪ್ಪ.

"ಯವ್ವಾ, ಅಪ್ಪ ಕಾಲುವಿಗೆ ಹೋಗ್ತಿರಲಿಲ್ಲ ಅಂತ ನಿನಗ ಗೊತ್ತಿತ್ತೇನು?"

ಶೇಖಮ್ಮ ರೊಟ್ಟಿ ತಿರುವಿ ಹಾಕಿದಳು. "ಅಂಗಿ ಪ್ಯಾಂಟ್ ತೊಳಿಯಾಕಿ ನಾನಲ್ಲೇನು? ಇಪ್ಪತ್ತು ವರ್ಷ ಅವನ ಪ್ಯಾಂಟಿಗೆ ಒಂದು ಹನಿ ಕೆಸರು ಹತ್ತಿದ್ದಿಲ್ಲ."

"ಮತ್ತ ಕೇಳಲಿಲ್ಲ?"

"ಕೇಳಿ ಏನ್ ಮಾಡೂದಿತ್ತು. ಊರಾಗ ಮಂದಿ ಕುಡ್ದು ಬೀಳತಿದ್ರು, ಇಸ್ಪೀಟು ಆಡತಿದ್ರು. ಅವ ಜಳಕಾ ಮಾಡಿ, ಹೋಗಿ, ಎರಡು ಅಂಕಿ ಬರದು ಬರ್ತಿದ್ದ. ಮನಿ ನಡೀತಿತ್ತು."

ಮಲ್ಲೇಶ್ವರಿ ಅಪ್ಪನ ಪಟ ನೋಡುತ್ತ ಊಟ ಮಾಡಲು ಆಗದೆ, ತಟ್ಟೆಯನ್ನು ಬಾಗಿಲ ಕಡೆಗೆ ತಿರುಗಿಸಿಕೊಂಡು ಕೂತಳು. ಅವಳಿಗೆ ಬಂದದ್ದು ನಾಚಿಕೆಯೋ ಸಿಟ್ಟೋ ಅವಳಿಗೇ ತಿಳಿಯಲಿಲ್ಲ. ಮರುದಿನ ಸುರಪುರದ ಹಾರ್ಡ್‌ವೇರ್ ಅಂಗಡಿಯಲ್ಲಿ ಬಡಿಗರು ಬಳಸುವ ಅಳತೆಯ ಟೇಪು ಕೊಂಡಳು.

ಮೂರನೆಯ ದಿನ ಬೆಳಿಗ್ಗೆ ಆರಕ್ಕೆ ಕಾಲುವೆಯಲ್ಲಿ ಇಳಿದು ಟೇಪು ಇಟ್ಟಳು. ಟೇಪಿನ ತುದಿಗೆ ಕುರಿ ಹಿಕ್ಕೆ ಹತ್ತಿತು. ರಿಜಿಸ್ಟರಿನಲ್ಲಿ ಸೊನ್ನೆ ಬರೆದಳು. ಬರೆಯುತ್ತಿರುವಾಗಲೇ ಫೋನು ಬಂತು.

"ನಾ ಮರಿಲಿಂಗ ಮಾತಾಡಾಕತ್ತೇನಿ, ಮ್ಯಾಲಿನ ಗೇಜಿನಂವ. ನಿಮ್ಮಪ್ಪಂದೂ ನಂದೂ ದಿನಾ ಆರರ ಮಾತು ಇತ್ತು. ನಾ ಒಂದು ಇಪ್ಪತ್ತು ಬರಿಯಾಕತ್ತೇನಿ, ನೀ ಒಂದು ಹತ್ತು ಬರಕೋ."

"ಮಾಮಾ, ನಾ ಸೊನ್ನಿ ಬರದೀನಿ."

ಆ ಕಡೆ ಚಹಾದ ಲೋಟ ಇಟ್ಟ ಸದ್ದು ಕೇಳಿತು. "ಏನ್ ಬರದಿ?"

"ಸೊನ್ನಿ. ನೀರಿಲ್ಲ."

"ಯವ್ವಾ, ನಿನ್ನ ಗೇಜಿಗೆ ಸೊನ್ನಿ ಬಂದ್ರ ನನ್ನ ಗೇಜಿನ ನೀರು ಎಲ್ಲಿ ಹೋತು ಅಂತ ಕೇಳ್ತಾರ. ನಾ ಕಮ್ಮಿ ಮಾಡಿದ್ರ ನನ್ನ ಮ್ಯಾಲಿನಂವಗ ಕೇಳ್ತಾರ. ಹೊಳಿ ತನ ಹನ್ನೊಂದು ಮಂದಿ ಅದೀವಿ. ಒಬ್ಬರ ಮನಿ ಅನ್ನ ಅಲ್ಲ ಇದು."

"ನೀವು ನೋಡಿ ಬರ್ರಿ ಮಾಮಾ, ಎಷ್ಟದ ಅಷ್ಟು ಬರೀರಿ."

"ಈಗ?" ಎಂದ ಮರಿಲಿಂಗ. ಆ ಒಂದು ಮಾತಿನಲ್ಲಿ ನಿಜವಾದ ಗಾಬರಿ ಇತ್ತು. "ಇಷ್ಟು ಹೊತ್ತಿನಾಗ ಕಾಲುವಿ ಮ್ಯಾಲ ಹಾವು ಇರ್ತಾವ."

ಮೂರು ದಿನ ಆರು ಸೊನ್ನೆಗಳು ಬಿದ್ದವು. ಕಚೇರಿಯ ಕಂಪ್ಯೂಟರಿನಲ್ಲಿ ಅವನ್ನು ತುಂಬಲು ಹೋದಾಗ, ಕಾಲುವೆ ಚಾಲೂ ಇರುವ ದಿನಗಳಲ್ಲಿ ಸತತ ಮೂರು ದಿನ ಸೊನ್ನೆ ಬಂದರೆ ಸ್ಥಳ ಪರಿಶೀಲನೆಯ ವರದಿ ಕಡ್ಡಾಯ ಎಂದು ಕೆಂಪು ಅಕ್ಷರ ಬಂತು. ಕಚೇರಿಗೆ ಕಂಪ್ಯೂಟರು ಬಂದ ಹದಿನಾಲ್ಕು ವರ್ಷದಲ್ಲಿ ಆ ಕೆಂಪು ಅಕ್ಷರವನ್ನು ಯಾರೂ ನೋಡಿರಲಿಲ್ಲ. ಸಂಗಣ್ಣ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

ಅವಳನ್ನು ಕರೆದು ಕೂರಿಸಿದರು. ಚಹಾ ತರಿಸಿದರು.

"ತಂಗಿ, ನಾ ಬಯ್ಯಾಕತ್ತಿಲ್ಲ. ತಿಳಸಾಕತ್ತೇನಿ. ಕೆಲಸ ಅಂದ್ರ ಏನು ತಿಳಕೊಂಡಿ?"

"ನೀರು ಎಷ್ಟದ ನೋಡಿ ಬರಿಯೋದ್ರಿ."

"ಅಲ್ಲ. ಮ್ಯಾಲಿನವರು ಒಂದು ಖಾನೆ ಕಳಸ್ತಾರ, ನಾವು ಅದನ್ನ ತುಂಬಿ ಕಳಸ್ತೀವಿ. ಖಾನೆ ಖಾಲಿ ಇರಬಾರ್ದು, ತಕರಾರು ಬರಬಾರ್ದು. ಅಷ್ಟ. ನೀರಿಂದು ಬ್ಯಾರೆ ವಿಷಯ."

"ಸರ್, ಅಲ್ಲಿ ಕುರಿ ಮೇಯಾಕತ್ತಾವ್ರಿ."

"ಮೇಯಲಿ ಬಿಡು. ಕುರಿಗೆ ಖಾನೆ ಇಲ್ಲ."

ಅಂಬರೀಶ ಡ್ರಾ ಮುಚ್ಚಿ ಎದ್ದು ಬಂದ. ಆ ತಿಂಗಳು ಅವನ ಪರೀಕ್ಷೆ ಇತ್ತು. "ಮೇಡಂ, ನಾನು ಇಪ್ಪತ್ತೆರಡು ದಿನ ರಜಾ ಹಾಕ್ಬೇಕಿತ್ತು. ನಿಮ್ಮ ಸೊನ್ನಿಯಿಂದ ಈಗ ಸೈಟಿಗೆ ಹೋಗ್ಬೇಕು. ದಾರಿ ಹೆಂಗದ ಅಂತಾದ್ರೂ ಹೇಳ್ರಿ."

ಯಾದಗಿರಿಯಿಂದ ಮೇಲಧಿಕಾರಿಗಳ ಫೋನೂ ಬಂತು. ನೀರು ಯಾಕೆ ಇಲ್ಲ ಎಂದು ಅವರು ಕೇಳಲಿಲ್ಲ. ಸೊನ್ನೆ ಬರೆದವರು ಯಾರು ಎಂದು ಕೇಳಿದರು. ಮುಂದಿನ ಬುಧವಾರ ತಾವೇ ಬಂದು ಪರಿಶೀಲಿಸುವುದಾಗಿ ಹೇಳಿದರು.

ಆ ಒಂದು ವಾರ ಆ ಕಾಲುವೆಯ ಮೇಲೆ ಎಷ್ಟು ಕೆಲಸ ನಡೆಯಿತೋ ಅಷ್ಟು ಅದನ್ನು ತೋಡಿದ ಮೇಲೆ ನಡೆದಿರಲಿಲ್ಲ. ದೇವಾಪುರದಿಂದ ಹನ್ನೆರಡು ಆಳು ಬಂದು ನೂರು ಮೀಟರು ಜಾಲಿ ಕಡಿದರು. ನೂರೊಂದನೆಯ ಮೀಟರಿನಿಂದ ಜಾಲಿ ಹಾಗೆಯೇ ಇತ್ತು, ಮೇಲಧಿಕಾರಿಗಳ ಮೊಣಕಾಲು ಅಷ್ಟು ದೂರ ನಡೆಯುವುದಿಲ್ಲ ಎಂದು ಸಂಗಣ್ಣನವರಿಗೆ ಗೊತ್ತಿತ್ತು. ಅಮೋಘಸಿದ್ದನ ಚಕ್ರಕ್ಕೆ ಹಸಿರು ಬಣ್ಣ ಬಂತು. ಮರಿಲಿಂಗ ಎಷ್ಟೋ ವರ್ಷದ ಮೇಲೆ ತನ್ನ ಗೇಜ್ ನೋಡಲು ಹೋಗಿ, ದಾರಿ ತಪ್ಪಿ, ಒಬ್ಬ ಹೊಲದವನನ್ನು ಕೇಳಿ ಹೋದ. ಮಂಗಳವಾರ, ಮೇಲೆ ಕಕ್ಕೇರಾ ಕಡೆಗೆ ನೀರು ಒಯ್ಯುವ ಗೇಟುಗಳನ್ನೆಲ್ಲ ಇಳಿಸಿ ಮುಚ್ಚಿ, ನೀರನ್ನೆಲ್ಲ ಕೆಳಗೆ ಬಿಟ್ಟರು.

ಬುಧವಾರ ಬೆಳಿಗ್ಗೆ ಕಾಲುವೆಯ ಕೊನೆಯಲ್ಲಿ ನೀರಿತ್ತು. ಕೆಂಪು ನೀರು, ಮೇಲೆ ಜಾಲಿ ಎಲೆ, ಪ್ಲಾಸ್ಟಿಕ್ ಬಾಟಲಿ ತೇಲಿಸಿಕೊಂಡು ನಿಧಾನಕ್ಕೆ ಬರುತ್ತಿತ್ತು. ತೊಗರಿ ಹೊಲದ ಒಬ್ಬ ಮುದುಕಿ ದಂಡೆಗೆ ಬಂದು ನಿಂತು, ಕೈ ಅದ್ದಿ, ಮೂಸಿ ನೋಡಿ ಹೋದಳು. ಮಲ್ಲೇಶ್ವರಿಗೆ ತನ್ನ ಮೇಲೆ ತನಗೇ ಸಿಟ್ಟು ಬಂತು, ಏಕೆಂದರೆ ಆ ನೀರು ಕಂಡು ಅವಳಿಗೆ ಖುಷಿಯಾಗಿತ್ತು. ಟೇಪು ಇಟ್ಟಳು. ಅರವತ್ತೆರಡು ಸೆಂಟಿಮೀಟರು. ಅರವತ್ತೆರಡು ಎಂದೇ ಬರೆದಳು.

ಮೇಲಧಿಕಾರಿಗಳು ಜೀಪಿನಿಂದ ಇಳಿದು ನೀರು ನೋಡಿದರು. "ನೀರು ಇದೆಯಲ್ಲಮ್ಮ," ಎಂದರು.

"ಇವತ್ತು ಅದ್ರಿ ಸರ್. ಸಂಜಿಗೆ ಇರಾಂಗಿಲ್ರಿ."

"ಪಟ್ಟಿ ಎಲ್ಲಿ?"

ಮೇಲಧಿಕಾರಿಗಳು ಎರಡು ಬೋಲ್ಟುಗಳನ್ನು ನೋಡಿದರು, ಅಂಬರೀಶನನ್ನು ನೋಡಿದರು, ವಾಚು ನೋಡಿದರು. ತೊಂದರೆಯ ಮೂಲ ಸಿಕ್ಕಿತು ಎಂಬ ಸಮಾಧಾನ ಅವರ ಮುಖದಲ್ಲಿ ಬಂತು. "ಪಟ್ಟಿ ಇಲ್ಲದೇ ರೀಡಿಂಗ್ ಸರಿಯಾಗಿ ಹೇಗೆ ಬರುತ್ತೆ? ಒಂದು ವಾರದಲ್ಲಿ ಹೊಸ ಪಟ್ಟಿ ಕೂರಿಸಿ," ಎಂದು ಹೇಳಿ ಜೀಪು ಹತ್ತಿದರು. ಸಂಜೆ ಆರಕ್ಕೆ ಮಲ್ಲೇಶ್ವರಿ ಮತ್ತೆ ಸೊನ್ನೆ ಬರೆದಳು.

ಪಟ್ಟಿ ಕೂರಿಸುವ ದಿನ ಅಂಬರೀಶ ಹಳೆಯ ನಕ್ಷೆ ತಂದಿದ್ದ. ಅವನು ದಡ್ಡನಲ್ಲ, ಬುದ್ಧಿಯನ್ನು ಈ ಕೆಲಸಕ್ಕೆ ಖರ್ಚು ಮಾಡಿರಲಿಲ್ಲ ಅಷ್ಟೆ. ಆ ದಿನ ಸ್ವಲ್ಪ ಖರ್ಚು ಮಾಡಿದ. ಕಾಲುವೆ ಕಟ್ಟಿದಾಗ ಅದರ ತಳ ಈಗಿನದಕ್ಕಿಂತ ತೊಂಬತ್ತು ಸೆಂಟಿಮೀಟರು ಕೆಳಗೆ ಇತ್ತು. ಅಷ್ಟು ಹೂಳು ತುಂಬಿದೆ. ಪಟ್ಟಿಯ ಸೊನ್ನೆ ಮೂಲ ತಳಕ್ಕೆ ಹೊಂದಬೇಕು ಎಂಬುದು ನಿಯಮ. ಹಾಗಾಗಿ ಗುಂಡಿ ತೋಡಿಸಿ, ಪಟ್ಟಿಯ ಕೆಳಗಿನ ಭಾಗವನ್ನು ಹೂಳಿನಲ್ಲಿ ಹುಗಿಸಿ, ಸಿಮೆಂಟು ಹಾಕಿಸಿದ. ಈಗ ಒಣ ಮಣ್ಣು ಬಂದು ಮುಟ್ಟಿದ್ದು ತೊಂಬತ್ತು ಎಂಬ ಅಂಕಿಗೆ.

"ಇನ್ನ ನೋಡ್ರಿ ಮೇಡಂ," ಎಂದ. "ನೀವು ಖರೇನ ಬರೀರಿ. ಪಟ್ಟಿ ಏನ್ ತೋರಸ್ತದ ಅದನ್ನ ಬರೀರಿ."

"ಸರ್, ಇದು ಮಣ್ಣಿಂದು ಅಳತಿ ಅಲ್ರಿ?"

"ಪಟ್ಟಿಗೆ ಮಣ್ಣು ಯಾವ್ದು ನೀರು ಯಾವ್ದು ಗೊತ್ತಾಗಾಂಗಿಲ್ರಿ."

ಅವಳು ಹೂಳು ತೆಗೆಸಬೇಕಲ್ಲವೇ ಎಂದು ಕೇಳಿದಳು. ಹೂಳು ತೆಗೆಯುವುದು ಬೇರೆ ಶಾಖೆಯ ಕೆಲಸ ಎಂದ.

ಅಂದಿನಿಂದ ರಿಜಿಸ್ಟರಿನಲ್ಲಿ ಬೆಳಿಗ್ಗೆ ತೊಂಬತ್ತು, ಸಂಜೆ ತೊಂಬತ್ತು. ಮಲ್ಲೇಶ್ವರಿ ಪಕ್ಕದ ಷರಾ ಖಾನೆಯಲ್ಲಿ ದಿನಾ 'ನೀರಿಲ್ಲ' ಎಂದು ಬರೆಯುತ್ತಿದ್ದಳು. ಸಂಗಣ್ಣ ಬೇಡ ಎನ್ನಲಿಲ್ಲ. ಕಂಪ್ಯೂಟರಿನಲ್ಲಿ ಷರಾ ಖಾನೆ ಇರಲಿಲ್ಲ. ಮರಿಲಿಂಗ ಒಂದು ಮೀಟರಿಗೆ ಇಳಿದು, ಮೊದಲಿನಂತೆ ಹೋಟೆಲ್ಲಿಗೆ ಮರಳಿದ. ಅಂಬರೀಶ ಪರೀಕ್ಷೆ ಬರೆದು ಬಂದು, ಮುಂದಿನ ಪರೀಕ್ಷೆಯ ಪುಸ್ತಕಗಳನ್ನು ಡ್ರಾದಲ್ಲಿ ಜೋಡಿಸಿದ.

ಶ್ರಾವಣದಲ್ಲಿ ಕಚೇರಿಗೆ ಸುಣ್ಣ ಹಚ್ಚುವಾಗ ಹಳೆಯ ರಿಜಿಸ್ಟರುಗಳನ್ನು ಹೊರಗೆ ತೆಗೆದರು. ಧೂಳು ಜಾಡಿಸುವ ಕೆಲಸ ಮಲ್ಲೇಶ್ವರಿಗೆ ಬಂತು. ಅಪ್ಪನ ಐದನೆಯ ವರ್ಷದ ರಿಜಿಸ್ಟರಿನಲ್ಲಿ ಅಕ್ಷರ ವಕ್ರವಾಗಿತ್ತು, ಹಾಳೆಯ ಅಂಚಿಗೆ ಕೆಸರಿನ ಬೆರಳಿನ ಗುರುತು ಇತ್ತು. ಮೊಣಕಾಲ ಮೇಲೆ ಇಟ್ಟುಕೊಂಡು ಬರೆದಂತಿತ್ತು. ಒಂದು ತಿಂಗಳು ಸತತ ಹನ್ನೊಂದು ದಿನ ಸೊನ್ನೆ. ಪಕ್ಕದಲ್ಲಿ 'ನೀರು ಬಂದಿಲ್ಲ, ಮೇಲೆ ತಡೆದಿದ್ದಾರೆ.' ಆ ಹಾಳೆಗೆ ಒಂದು ನೋಟಿಸು ಪಿನ್ನು ಹಚ್ಚಿತ್ತು. ಮೇಲಿನ ಗೇಜುಗಳ ಅಂಕಿಗೆ ಹೊಂದದ ಅಂಕಿ ಬರೆದು ಕಚೇರಿಗೆ ಮುಜುಗರ ಉಂಟುಮಾಡಿದ ನಿಮ್ಮ ಮೇಲೆ ಏಕೆ ಶಿಸ್ತುಕ್ರಮ ಕೈಗೊಳ್ಳಬಾರದು ಎಂದು ಅದರಲ್ಲಿತ್ತು. ಮುಂದಿನ ವಾರದಿಂದ ಅಂಕಿ ಒಂದು ಮೀಟರು ಹತ್ತು. ಅಕ್ಷರ ದುಂಡಗೆ, ಹಾಳೆ ಸ್ವಚ್ಛ.

ಮಲ್ಲೇಶ್ವರಿ ಆ ರಿಜಿಸ್ಟರನ್ನು ಜಾಡಿಸದೆ ಹಾಗೆಯೇ ಬಹಳ ಹೊತ್ತು ಹಿಡಿದು ನಿಂತಿದ್ದಳು. ಕೆಸರಿನ ಗುರುತಿನ ಮೇಲೆ ತನ್ನ ಹೆಬ್ಬೆರಳು ಇಟ್ಟು ನೋಡಿದಳು. ಮನೆಗೆ ಹೋಗಿ ಅವ್ವನಿಗೆ, ಮೊದಲು ಐದು ವರ್ಷ ಪ್ಯಾಂಟಿಗೆ ಕೆಸರು ಇತ್ತೇನು ಎಂದು ಕೇಳಿದಳು. ಶೇಖಮ್ಮ ಸ್ವಲ್ಪ ಯೋಚಿಸಿ, "ಇತ್ತು," ಎಂದಳು. "ಉಜ್ಜಿ ಉಜ್ಜಿ ಕೈ ನೋವು ಬರ್ತಿತ್ತು."

ಎಂಟು ತಿಂಗಳು ಕಳೆದವು. ಯಾದಗಿರಿಯಲ್ಲಿ ನೌಕರರಿಗೆ ಒಂದು ದಿನದ ತರಬೇತಿ ಏರ್ಪಾಡಾಯಿತು, ವಿಷಯ 'ಕೆಲಸದ ಬಗ್ಗೆ ಒಳ್ಳೆಯ ಮನೋಭಾವ.' ಪ್ರತಿ ಕಚೇರಿಯಿಂದ ಇಬ್ಬರು. ಊಟ ಇದೆ ಎಂದು ಸಂಗಣ್ಣ ಹೊರಟರು. ಮನೋಭಾವ ತಿದ್ದಬೇಕಾದವರು ಎಂದು ಮಲ್ಲೇಶ್ವರಿಯನ್ನು ಅಂಬರೀಶ ಕಳಿಸಿದ.

ತರಬೇತುದಾರ ಕಲಬುರಗಿಯಿಂದ ಬಂದಿದ್ದ, ಏಪ್ರಿಲ್ ತಿಂಗಳಲ್ಲಿ ಕೋಟು ಹಾಕಿಕೊಂಡಿದ್ದ. ಎಲ್ಲರ ಕೈಗೂ ಒಂದೊಂದು ಬಲೂನು ಕೊಟ್ಟು ಊದಿಸಿದ. ಬಲೂನಿನೊಳಗಿನದು ಗಾಳಿಯಲ್ಲ, ನಿಮ್ಮ ಮನೋಭಾವ ಎಂದ. ಒಂದು ಬಲೂನು ಒಡೆದು, ಹಿಂದಿನ ಸಾಲಿನಲ್ಲಿ ಮಲಗಿದ್ದ ಒಬ್ಬರು ಎದ್ದು ಕೂತರು. ನಾನು ನನ್ನ ಕೆಲಸವನ್ನು ಪ್ರೀತಿಸುತ್ತೇನೆ ಎಂದು ಮೂರು ಸಲ ಹೇಳಿಸಿದ. ಅರವತ್ತು ಜನ ಹೇಳಿದರು. ಸಂಗಣ್ಣ ಎಲ್ಲರಿಗಿಂತ ಸ್ಪಷ್ಟವಾಗಿ ಹೇಳಿದರು.

ಆಮೇಲೆ ಮೇಲಧಿಕಾರಿಗಳು ವೇದಿಕೆಗೆ ಬಂದು ಒಂದು ಹಾಳೆ ಓದಿದರು. ಇಡೀ ಜಿಲ್ಲೆಯಲ್ಲಿ ಎಂಟು ತಿಂಗಳು ಒಂದು ಸೆಂಟಿಮೀಟರು ಕೂಡ ಏರುಪೇರಿಲ್ಲದೆ ನೀರು ಕಾಯ್ದ ಗೇಜ್ ಒಂದೇ ಒಂದು. ಅದರ ರೀಡರ್, ದಿವಂಗತ ಅಮರಪ್ಪನವರ ಮಗಳು, ವೇದಿಕೆಗೆ ಬಂದು ಎರಡು ಮಾತಾಡಬೇಕು.

ಮಲ್ಲೇಶ್ವರಿ ಮೈಕಿನ ಮುಂದೆ ನಿಂತಳು.

"ನಮ್ಮಪ್ಪನ ಹೆಸರು ಅಂಬ್ರಪ್ಪ ಅಂತ್ರಿ. ಕಾಲುವ್ಯಾಗ ನೀರಿಲ್ರಿ. ಪಟ್ಟಿನ ತೊಂಬತ್ತು ಸೆಂಟಿಮೀಟರು ಮಣ್ಣಾಗ ಹುಗದಾರ್ರಿ. ನಾ ದಿನಾ ಹೋಗಿ ಮಣ್ಣು ನೋಡಿ ತೊಂಬತ್ತು ಬರಿಯಾಕತ್ತೇನಿ. ಅದಕ ಏರುಪೇರು ಇಲ್ರಿ."

ತರಬೇತುದಾರ ಮುಂದೆ ಬಂದು ಮೈಕು ತೆಗೆದುಕೊಂಡ. "ನೋಡಿದಿರಾ? ಇದು ವಿನಯ. ಇಷ್ಟು ಸಾಧನೆ ಮಾಡಿಯೂ, ನಾನು ಮಾಡಿದ್ದೇನಿಲ್ಲ, ಎಲ್ಲ ಮಣ್ಣಿನದು ಎನ್ನುತ್ತಿದ್ದಾರೆ. ಜೋರಾಗಿ ಚಪ್ಪಾಳೆ." ಅರವತ್ತು ಜನ ಚಪ್ಪಾಳೆ ತಟ್ಟಿದರು. ಮೇಲಧಿಕಾರಿಗಳೂ ತಟ್ಟಿದರು.

ಊಟದಲ್ಲಿ ಸಂಗಣ್ಣ ಅವಳ ಪಕ್ಕ ಬಂದು ಕೂತರು. "ಚಲೋ ಮಾತಾಡಿದಿ ತಂಗಿ. ನಾ ಹೆದರಿದ್ದೆ. ಖರೇ ತಿಳಕೊಂಡ್ರ ಏನ್ ಗತಿ ಅಂತ."

"ಸರ್, ನಮ್ಮಪ್ಪ ಸೊನ್ನಿ ಬರದಾಗ ಒಂದು ನೋಟಿಸ್ ಹೋಗಿತ್ರಿ. ಅದನ್ನ ಟೈಪ್ ಮಾಡಿದವರು ಯಾರ್ರಿ?"

ಸಂಗಣ್ಣ ಅನ್ನಕ್ಕೆ ಮೊಸರು ಕಲಸುತ್ತ ನೆನಪು ಮಾಡಿಕೊಂಡರು. ಮುಖ ಅರಳಿತು. "ನಾನ. ಆಗ ಹೊಸದಾಗಿ ಸೇರಿದ್ದೆ. ಹಳೇ ಟೈಪ್‌ರೈಟರು, ಒತ್ತಕ್ಷರ ಕೂಡತಿರಲಿಲ್ಲ. ಆದ್ರೂ ಒಂದು ತಪ್ಪು ಇರಲಿಲ್ಲ ನೋಡು ಅದರಾಗ."

ಮಲ್ಲೇಶ್ವರಿ ಎಲೆ ಬಿಟ್ಟು ಎದ್ದಳು. ಅವರನ್ನು ಬಯ್ಯಬೇಕೆಂದಿದ್ದಳು. ಆದರೆ ಆ ಮನುಷ್ಯನೊಳಗೆ ಬೈಗುಳ ಹೋಗಿ ತಾಕುವ ಜಾಗ ಎಲ್ಲಿದೆ ಎಂದು ಅವಳಿಗೆ ಗೊತ್ತಾಗಲಿಲ್ಲ. ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ಕೈ ತೊಳೆದಳು.

ಜೂನ್‌ನಲ್ಲಿ ಆದೇಶ ಬಂತು. ಅಂಕಿ ಬದಲಾಗದ ಗೇಜಿಗೆ ಪ್ರತಿದಿನ ರೀಡರಿನ ಅಗತ್ಯ ಕಂಡುಬರುವುದಿಲ್ಲ. ಇನ್ನು ಮುಂದೆ ತೊಂಬತ್ತನ್ನು ಕಂಪ್ಯೂಟರೇ ತುಂಬಿಕೊಳ್ಳುತ್ತದೆ. ಹೆಚ್ಚುವರಿಯಾದ ನೌಕರಳನ್ನು ಶಹಾಪುರದ ಕಚೇರಿಯ ಜಾವಕ ಮೇಜಿಗೆ, ಅಂದರೆ ಹೊರಗೆ ಹೋಗುವ ಟಪಾಲು ಕಳಿಸುವ ಕೆಲಸಕ್ಕೆ, ವರ್ಗಾಯಿಸಲಾಗಿದೆ. ಸಂಗಣ್ಣ ಬೀಳ್ಕೊಡುಗೆಗೆ ಮಿರ್ಚಿ ಭಜಿ ತರಿಸಿದರು. ಅಮೋಘಸಿದ್ದ ಅಷ್ಟು ದೂರದಿಂದ ಬಂದು, ಎರಡು ಭಜಿ ತಿಂದು ಹೋದ.

ಶಹಾಪುರದಲ್ಲಿ ಅವಳ ಮೇಜಿನ ಹಿಂದೆ ಎರಡು ಕಪಾಟು ತುಂಬ ಕಳಿಸದ ಪತ್ರಗಳಿದ್ದವು. ಬರೆದು, ಸಹಿಯಾಗಿ, ನಂಬರು ಬಿದ್ದು, ಲಕೋಟೆಯಲ್ಲಿ ಕೂತ ಪತ್ರಗಳು. ಹಿಂದೆ ಆ ಮೇಜಿನಲ್ಲಿದ್ದ ಕಸ್ತೂರಿ, "ಅವಸರ ಮಾಡಬ್ಯಾಡ, ಅವು ಕೂತಷ್ಟು ಚಲೋ," ಎಂದು ಹೇಳಿ ಕೀಲಿ ಕೊಟ್ಟು ಬೇರೆ ಮೇಜಿಗೆ ಹೋಗಿದ್ದಳು. ಮಲ್ಲೇಶ್ವರಿ ಹದಿನೆಂಟು ದಿನದಲ್ಲಿ ಎರಡೂ ಕಪಾಟು ಖಾಲಿ ಮಾಡಿದಳು. ಮುಂದಿನ ತಿಂಗಳಿಂದ ಉತ್ತರಗಳು ಬರತೊಡಗಿದವು. ಉತ್ತರಕ್ಕೆ ಉತ್ತರ ಬರೆಯಬೇಕಾಯಿತು. ಮಧ್ಯಾಹ್ನ ಮೂರಕ್ಕೆ ಮನೆಗೆ ಹೋಗುತ್ತಿದ್ದವರು ಐದಕ್ಕೆ ಹೋಗತೊಡಗಿದರು. ದೋರನಹಳ್ಳಿಯ ಒಬ್ಬ ಮುದುಕ ಏಳು ವರ್ಷದ ಹಿಂದಿನ ಅರ್ಜಿಗೆ ಮಂಜೂರಾತಿ ಪತ್ರ ಹಿಡಿದುಕೊಂಡು ಬಂದು, ಯಾರಿಗೆ ಕೈ ಮುಗಿಯಬೇಕು ಎಂದು ಕೇಳಿದಾಗ ಇಡೀ ಕಚೇರಿ ಅವನನ್ನು ಅನುಮಾನದಿಂದ ನೋಡಿತು.

ಸೂಪರಿಂಟೆಂಡೆಂಟ್ ಸಾವಿತ್ರಿಬಾಯಿ ಅವಳನ್ನು ಒಳಗೆ ಕರೆದರು. ಒಳ್ಳೆಯ ಹೆಂಗಸು, ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು.

"ಮನ್ಯಾಗ ಏನರ ತೊಂದ್ರಿ ಅದ ಏನವಾ?"

"ಇಲ್ರಿ ಮೇಡಂ."

"ಮತ್ತ ಯಾಕ ಹಿಂಗ? ನೀ ಕಳಸಿದ್ದಕ್ಕೆಲ್ಲ ಉತ್ತರ ಬರಾಕತ್ತಾವ."

"ಉತ್ತರ ಬರಲಿ ಅಂತನ ಬರೀತಾರಲ್ರಿ ಮೇಡಂ, ಪತ್ರ?"

ಸಾವಿತ್ರಿಬಾಯಿ ಈ ಹುಡುಗಿ ತಮಾಷೆ ಮಾಡುತ್ತಿದ್ದಾಳೋ ಎಂದು ಮುಖ ನೋಡಿದರು. ಮಾಡುತ್ತಿರಲಿಲ್ಲ. "ಬರದೀವಿ ಅಂತ ತೋರಸಾಕ ಬರಿಯೋದವಾ," ಎಂದು ಮೆಲ್ಲಗೆ ಹೇಳಿದರು. "ಇನ್ನ ಒಂದು ವರ್ಷ ಎರಡು ತಿಂಗಳು. ಅಷ್ಟರ ಮಟ್ಟಿಗೆ ನಿಧಾನ ಮಾಡು."

ಮಲ್ಲೇಶ್ವರಿ ತನ್ನ ಮೇಜಿಗೆ ಬಂದಳು. ಅಂದಿನ ಟಪಾಲು ಮೂವತ್ತನಾಲ್ಕು ಇದ್ದವು. ಒಂದೊಂದಕ್ಕೂ ಅಂಟು ಹಚ್ಚಿ, ನಂಬರು ಬರೆದು, ಚೀಲಕ್ಕೆ ಹಾಕಿದಳು. ಪೋಸ್ಟ್ ಆಫೀಸು ನಾಲ್ಕಕ್ಕೆ ಮುಚ್ಚುತ್ತದೆ, ಆಗಲೇ ಮೂರೂವರೆ ಆಗಿತ್ತು. ಚೀಲ ಹೆಗಲಿಗೆ ಹಾಕಿಕೊಂಡು, ಕಸ್ತೂರಿಯ ಮೇಜನ್ನು ದಾಟಿ, ಮೆಟ್ಟಿಲಿಳಿದು ಬಿಸಿಲಿಗೆ ಹೊರಟಳು.